ಹಿಟ್ಟಿನ ಹಾಳೆಯಲ್ಲಿ ಉಳಿದ ಎರಡು ಸಾಮ್ರಾಜ್ಯಗಳು

ಹೈದರಾಬಾದಿನ ಉಪ್ಪಲ್ ರಿಂಗ್ ರಸ್ತೆಯಲ್ಲಿ ಸಂಜೆಯಾಯಿತೆಂದರೆ ಚಹಾ ಹೋಟೆಲುಗಳ ಗಾಜಿನ ಪೆಟ್ಟಿಗೆಗಳು ತುಂಬಿಕೊಳ್ಳುತ್ತವೆ. ವಾರಂಗಲ್ ಬಸ್ಸಿಗೆ ಕಾದವರು, ಯಾದಗಿರಿಗುಟ್ಟಕ್ಕೆ ಹೊರಟ ಭಕ್ತರು, ಮೆಟ್ರೊ ಇಳಿದು ಮನೆಯ ಹಾದಿ ಹಿಡಿದ ನೌಕರರು, ಪಂದ್ಯವಿದ್ದ ದಿನ ಸ್ಟೇಡಿಯಮ್ಮಿನತ್ತ ಸಾಗುವ ಹುಡುಗರು, ಎಲ್ಲರೂ ಒಂದು ಗಳಿಗೆ ನಿಂತು ಕೈಚಾಚುವುದು ಪುಟ್ಟ ಈರುಳ್ಳಿ ಸಮೋಸಕ್ಕೆ. ಪಕ್ಕದ ಬೇಕರಿಯಲ್ಲಿ ಎಗ್ ಪಫ್, ದಿಲ್‌ಪಸಂದ್. ಮದುವೆ ಮನೆಯಾದರೆ ಖೀಮಾ ತುಂಬಿದ ಚೌಕಾಕಾರದ ಲುಖ್ಮಿ. ಕರ್ನಾಟಕದಿಂದ ಬಂದು ನೆಲೆಸಿದವರ ಮನೆಗಳಲ್ಲಿ ಗಣೇಶನ ಹಬ್ಬಕ್ಕೆ ಕರಿಗಡಬು. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಒಳಗೆ ಹೂರಣವಿಟ್ಟು, ಅಂಚು ಮುಚ್ಚುವ ಕೆಲಸ ಈ ಎಲ್ಲ ತಿಂಡಿಗಳಿಗೂ ಒಂದೇ.

ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಬಲ್ಗೇರಿಯದಲ್ಲಿ ಬೆಳಗಾಗುವುದೇ ಇಂಥದೊಂದು ತಿಂಡಿಯೊಂದಿಗೆ. ಅದರ ಹೆಸರು ಬಾನಿತ್ಸ. ಕಾಗದದಷ್ಟು ತೆಳುವಾದ ಹಿಟ್ಟಿನ ಹಾಳೆಗಳ ನಡುವೆ ಮೊಟ್ಟೆ, ಮೊಸರು ಮತ್ತು ಉಪ್ಪುನೀರಿನಲ್ಲಿ ಮಾಗಿದ ಸಿರೆನೆ ಎಂಬ ಬಿಳಿ ಗಿಣ್ಣನ್ನು (ಚೀಸ್) ಹರಡಿ, ಸುರುಳಿ ಸುತ್ತಿ, ಅಗಲವಾದ ತಟ್ಟೆಯಲ್ಲಿಟ್ಟು ಒಲೆಯೊಳಗೆ ಸುಡುತ್ತಾರೆ. ಸೋಫಿಯಾ ನಗರದಲ್ಲಿ ಕೆಲಸಕ್ಕೆ ಹೊರಟವರು ಬೀದಿಬದಿಯ ಅಂಗಡಿಯಲ್ಲಿ ಅದರ ಒಂದು ತುಂಡು ಕೊಂಡು, ಜೊತೆಗೆ ಧಾನ್ಯ ಹುಳಿಸಿ ಮಾಡಿದ ಬೋಝಾ ಕುಡಿದು ಮುಂದೆ ಸಾಗುತ್ತಾರೆ.

ಉಪ್ಪಲ್ಲಿನ ಸಂಜೆಗೂ ಸೋಫಿಯಾದ ಬೆಳಗಿಗೂ ನಡುವೆ ಒಂದು ಉದ್ದನೆಯ ಚರಿತ್ರೆಯಿದೆ. ಅದರಲ್ಲಿ ಕುದುರೆಯೇರಿ ಬಂದ ಸೈನ್ಯಗಳಿವೆ, ಬಿದ್ದ ಕೋಟೆಗಳಿವೆ, ಗಡೀಪಾರಾದ ಒಂದು ರಾಜಮನೆತನವಿದೆ, ಆ ಮನೆತನದ ಮಗಳು ಹೈದರಾಬಾದಿಗೆ ಸೊಸೆಯಾಗಿ ಬಂದ ಮದುವೆಯೂ ಇದೆ. ಅರಸರ ಜೊತೆಗೆ ಬಂದ ತಿಂಡಿ ಅರಸರು ಹೋದ ಮೇಲೂ ಹೇಗೆ ಉಳಿಯಿತು ಎಂಬುದು ಈ ಚರಿತ್ರೆಯ ಸಾರ. ಅದನ್ನು ಉಳಿಸಿದ್ದು ಅರಮನೆಯಲ್ಲ; ತಮ್ಮ ಹೊಲ, ತಮ್ಮ ಹಬ್ಬ, ತಮ್ಮ ಉಪವಾಸಕ್ಕೆ ಅದನ್ನು ಒಗ್ಗಿಸಿಕೊಂಡ ಮನೆಗಳು.

ಬಾಗ್ದಾದಿನಿಂದ ಹೊರಟ ದಾರಿ

ಒಂಬತ್ತನೆಯ ಶತಮಾನದ ಬಾಗ್ದಾದ್ ಜಗತ್ತಿನ ದೊಡ್ಡ ನಗರಗಳಲ್ಲೊಂದು. ಅಬ್ಬಾಸಿ ಖಲೀಫರ ಆಸ್ಥಾನದಲ್ಲಿ ಊಟ ಕಾವ್ಯಕ್ಕೂ ವಸ್ತುವಾಗಿತ್ತು. ಆ ಆಸ್ಥಾನದ ಸಂಗೀತಗಾರ ಮತ್ತು ಕವಿ ಇಸ್ಹಾಕ್ ಅಲ್ ಮೌಸಿಲಿ, ಮಾಂಸ ತುಂಬಿದ ಸಂಬುಸಜ್ ಎಂಬ ತಿಂಡಿಯ ಮೇಲೆ ಒಂದು ಪದ್ಯವನ್ನೇ ಕಟ್ಟಿದ. ಹತ್ತನೆಯ ಶತಮಾನದಲ್ಲಿ ಅಲ್ ವರ್ರಾಕ್ ಸಂಕಲಿಸಿದ ಅರಬ್ಬಿ ಪಾಕಗ್ರಂಥದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಇಂದಿನ ಸಮೋಸದ ಹಿರಿಯರಲ್ಲಿ ಲಿಖಿತ ದಾಖಲೆಯಿರುವ ತಿಂಡಿ ಇದು.

ಇದೇ ಕಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ತುರ್ಕಿ ಅಲೆಮಾರಿಗಳು ಇನ್ನೊಂದು ವಿದ್ಯೆ ಬೆಳೆಸಿಕೊಂಡಿದ್ದರು. ಅವರಿಗೆ ಕಟ್ಟಿದ ಒಲೆಯಿರಲಿಲ್ಲ. ಒಯ್ಯಬಹುದಾದ ಕಬ್ಬಿಣದ ಹಂಚಿನ ಮೇಲೆ ತೆಳ್ಳನೆಯ ರೊಟ್ಟಿಗಳನ್ನು ಬೇಯಿಸಿ, ಒಂದರ ಮೇಲೊಂದು ಪದರವಾಗಿ ಮಡಚುತ್ತಿದ್ದರು. 1070ರ ದಶಕದಲ್ಲಿ ಮಹಮೂದ್ ಅಲ್ ಕಾಶ್ಗರಿ ತುರ್ಕಿ ಭಾಷೆಯ ಮೊದಲ ದೊಡ್ಡ ನಿಘಂಟನ್ನು ಬಾಗ್ದಾದಿನಲ್ಲಿ ಸಿದ್ಧಪಡಿಸಿದಾಗ ಈ ಮಡಿಕೆ ರೊಟ್ಟಿಯನ್ನೂ ದಾಖಲಿಸಿದ. ತುಂಬುವ ವಿದ್ಯೆ ಮತ್ತು ಪದರ ಮಾಡುವ ವಿದ್ಯೆ ಕೂಡಿದ ಮೇಲೆ ಎರಡು ದಾರಿಗಳು ತೆರೆದುಕೊಂಡವು. ಒಂದು ಪಶ್ಚಿಮಕ್ಕೆ, ಅನಾತೋಲಿಯ ದಾಟಿ ಬಾಲ್ಕನ್ ಬೆಟ್ಟಗಳತ್ತ. ಇನ್ನೊಂದು ಪೂರ್ವಕ್ಕೆ, ಘಜ್ನಿ ಮತ್ತು ದಿಲ್ಲಿಯ ಮೂಲಕ ದಖ್ಖನದತ್ತ.

ಹಾಗೆಂದು ಎರಡೂ ಕಡೆ ಅದಕ್ಕೆ ಮೊದಲು ಏನೂ ಇರಲಿಲ್ಲವೆಂದಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮನ್ ಲೇಖಕ ಕ್ಯಾಟೊ, ಕೃಷಿಯ ಬಗ್ಗೆ ಬರೆದ ಪುಸ್ತಕದಲ್ಲಿ ಹಿಟ್ಟಿನ ಪದರಗಳ ನಡುವೆ ಕುರಿಹಾಲಿನ ಗಿಣ್ಣು ಮತ್ತು ಜೇನು ಹರಡಿ ಬೇಯಿಸುವ ಕ್ರಮ ಹೇಳಿದ್ದಾನೆ. ಕುರಿ ಸಾಕುವ ಬಾಲ್ಕನ್ ಜನರಿಗೆ ಗಿಣ್ಣು ಮತ್ತು ಹಿಟ್ಟಿನ ನಂಟು ತುರ್ಕರು ಬರುವ ಮೊದಲೇ ಗೊತ್ತಿತ್ತು.

ದಖ್ಖನದ ಕಥೆಯೂ ಹಾಗೆಯೇ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದು ಕಲ್ಯಾಣದ ಚಾಲುಕ್ಯರ ರಾಜಧಾನಿ. ಅಲ್ಲಿ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದ ಅನ್ನಭೋಗ ಭಾಗದಲ್ಲಿ ಮಂಡಕದ ವಿವರ ಬರುತ್ತದೆ. ಗೋದಿಹಿಟ್ಟಿನ ಕಣಕವನ್ನು ಕೈಯಲ್ಲೇ ಹಿಗ್ಗಿಸಿ, ಬೋರಲು ಹಾಕಿದ ಮಡಕೆಯ ಬಿಸಿ ಬೆನ್ನ ಮೇಲೆ ಬೇಯಿಸುವ ತಿನಿಸು ಅದು. ಬೆಳಗಾವಿ ಕಡೆಯ ಮಾಂಡೆ ಈಗಲೂ ಹೀಗೆಯೇ ಆಗುತ್ತದೆ. ಅದಕ್ಕೂ ಒಂದು ಶತಮಾನ ಮೊದಲು, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. 1508ರ ಸುಮಾರಿಗೆ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದಾಗ ಹಿಟ್ಟಿನ ತಿನಿಸುಗಳಿಗೇ ಮೊದಲ ಸ್ಥಾನ ಕೊಟ್ಟ. ಸಮೋಸ ದಖ್ಖನಕ್ಕೆ ಬಂದಾಗ ಅದನ್ನು ಬರಮಾಡಿಕೊಂಡದ್ದು ಹಿಟ್ಟು ಲಟ್ಟಿಸುವುದರಲ್ಲೂ ಹೂರಣ ಅರೆಯುವುದರಲ್ಲೂ ಆಗಲೇ ಪಳಗಿದ್ದ ಕೈಗಳು.

ಏಳು ವರ್ಷಗಳ ಅಂತರದಲ್ಲಿ

1333ರ ಹೊತ್ತಿಗೆ ಭಾರತಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ಊಟದ ಕ್ರಮವನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಕೊಚ್ಚಿದ ಮಾಂಸವನ್ನು ಬಾದಾಮಿ, ಅಕ್ರೋಟು, ಪಿಸ್ತ, ಈರುಳ್ಳಿ, ಮಸಾಲೆಯೊಂದಿಗೆ ಬೇಯಿಸಿ, ತೆಳು ಹಿಟ್ಟಿನಲ್ಲಿ ಸುತ್ತಿ ತುಪ್ಪದಲ್ಲಿ ಕರಿದು, ಪ್ರತಿಯೊಬ್ಬರ ಮುಂದೆ ನಾಲ್ಕೈದು ಇಡುತ್ತಿದ್ದರಂತೆ. ಇದೇ ಸುಲ್ತಾನ 1327ರಲ್ಲಿ ತನ್ನ ಆಸ್ಥಾನವನ್ನು ದೇವಗಿರಿಗೆ, ಅಂದರೆ ದೌಲತಾಬಾದಿಗೆ ಸಾಗಿಸಿದ್ದ. ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು, ಅವರ ಪರಿವಾರದ ಅಡುಗೆಯವರು ದಖ್ಖನದ ದಾರಿ ಹಿಡಿದರು. ಸುಲ್ತಾನ ಹಿಂದಿರುಗಿದ, ಬಂದವರಲ್ಲಿ ಬಹಳ ಮಂದಿ ಇಲ್ಲೇ ಉಳಿದರು. 1347ರಲ್ಲಿ ಅವರು ದಿಲ್ಲಿಯ ಹಂಗು ಹರಿದುಕೊಂಡಾಗ ಹುಟ್ಟಿದ್ದೇ ಬಹಮನಿ ರಾಜ್ಯ. ರಾಜಧಾನಿ ಕಲಬುರಗಿ.

ಏಳು ವರ್ಷಗಳ ನಂತರ, 1354ರ ಮಾರ್ಚಿನಲ್ಲಿ, ಏಷ್ಯಾ ಮತ್ತು ಯುರೋಪುಗಳ ನಡುವಿನ ಕಿರಿದಾದ ಜಲಸಂಧಿಯ ದಡದಲ್ಲಿ ಭೂಮಿ ನಡುಗಿತು. ಗ್ಯಾಲಿಪೊಲಿಯ ಕೋಟೆಗೋಡೆಗಳು ಕುಸಿದವು. ದಡದಲ್ಲಿದ್ದ ಆಟೊಮನ್ ತುರ್ಕರ ಸೈನ್ಯ ಒಳಹೊಕ್ಕು ಯುರೋಪಿನಲ್ಲಿ ಕಾಲೂರಿತು. 1393ರಲ್ಲಿ ಬಲ್ಗೇರಿಯದ ರಾಜಧಾನಿ ತರ್ನೊವೊ ಬಿತ್ತು; 1396ರಲ್ಲಿ ವಿದಿನ್ ಬಿತ್ತು. ಮುಂದೆ ಐದು ಶತಮಾನಗಳಿಗೆ ಸ್ವಲ್ಪ ಕಡಿಮೆ ಕಾಲ, 1878ರವರೆಗೆ, ಬಲ್ಗೇರಿಯ ಆಟೊಮನ್ನರ ಆಳ್ವಿಕೆಯಲ್ಲಿತ್ತು.

ಕಲಬುರಗಿ ಮತ್ತು ಗ್ಯಾಲಿಪೊಲಿ ಒಂದೇ ಕಾಲದ ಎರಡು ಬಾಗಿಲುಗಳು. ಎರಡರಲ್ಲೂ ತುರ್ಕಿ ಸೈನ್ಯದ ಅಭ್ಯಾಸ, ಪಾರಸಿ ಆಸ್ಥಾನದ ಶಿಷ್ಟಾಚಾರ, ಬಾಗ್ದಾದಿನ ಪಾಕಗ್ರಂಥಗಳ ನೆನಪು ಒಳಬಂದವು. ಬಹಮನಿಗಳು ಬೀದರಿಗೆ ರಾಜಧಾನಿ ಬದಲಿಸಿದ ಮೇಲೆ ಈ ಹರಿವು ಹೆಚ್ಚಿತು. ಇರಾನಿನ ಗಿಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸ ಕಟ್ಟಿಸಿದ. ಆ ರಾಜ್ಯ ಒಡೆದಾಗ ಬಿಜಾಪುರದ ಗದ್ದುಗೆ ಹಿಡಿದ ಯೂಸುಫ್ ಆದಿಲ್ ಖಾನ್ ಆಟೊಮನ್ ಸುಲ್ತಾನ ಎರಡನೆಯ ಮುರಾದನ ಮಗನೆಂದೂ, ಸಿಂಹಾಸನಕ್ಕಾಗಿ ನಡೆಯುವ ಕೊಲೆಯಿಂದ ತಾಯಿ ಅವನನ್ನು ಪಾರುಮಾಡಿದಳೆಂದೂ ಚರಿತ್ರೆಕಾರ ಫಿರಿಶ್ತಾ ಬರೆದ. ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಆದಿಲ್ ಶಾಹಿ ಆಸ್ಥಾನದಲ್ಲಿ ಕುಳಿತವನಿಗೆ ಇಸ್ತಾಂಬುಲಿನ ನಂಟು ಹೇಳಿಕೊಳ್ಳುವುದು ಹೆಮ್ಮೆಯ ವಿಷಯವಾಗಿತ್ತು ಎಂಬುದಂತೂ ಇದರಿಂದ ಸ್ಪಷ್ಟ. ಗೋಲ್ಕೊಂಡದ ಕುತುಬ್ ಶಾಹಿ ಮನೆತನವನ್ನು ಸ್ಥಾಪಿಸಿದ ಸುಲ್ತಾನ್ ಕುಲಿ ಕೂಡ ಇರಾನಿನ ಹಮದಾನಿನಿಂದ ಬಂದ ತುರ್ಕಮಾನ್. ಅವನ ವಂಶದ ಮುಹಮ್ಮದ್ ಕುಲಿ 1591ರಲ್ಲಿ ಹೈದರಾಬಾದ್ ನಗರ ಕಟ್ಟಿಸಿದ.

ಆ ಕಾಲದ ಸಮೋಸವನ್ನು ಚಿತ್ರಸಹಿತ ನೋಡಬೇಕೆಂದರೆ ಮಾಳವದ ಮಾಂಡು ನಗರದ 'ನಿಅಮತ್‌ನಾಮಾ' ಹಸ್ತಪ್ರತಿ ಇದೆ. ಸುಲ್ತಾನ ಘಿಯಾಸ್ ಶಾಹನಿಗಾಗಿ ಆರಂಭವಾಗಿ ಅವನ ಮಗನ ಕಾಲದಲ್ಲಿ ಮುಗಿದ ಈ ಪುಸ್ತಕದಲ್ಲಿ ಸಮೋಸದ ಹಲವು ಪಾಕಗಳಿವೆ. ಮೀಸೆಯ ಸುಲ್ತಾನ ಕುಳಿತಿರಲು ಪರಿಚಾರಿಕೆಯರು ತಿಂಡಿ ಸಿದ್ಧಪಡಿಸುವ ಚಿತ್ರಗಳೂ ಇವೆ. ಈ ಹಸ್ತಪ್ರತಿ ಮುಂದೆ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪು ಸುಲ್ತಾನನ ಗ್ರಂಥಭಂಡಾರ ಸೇರಿತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಉಪವಾಸ ತಿದ್ದಿದ ಅಡುಗೆ

ಸೈನ್ಯ ತಂದ ಅಡುಗೆ ಸೈನ್ಯದ ಶಿಬಿರದಲ್ಲೇ ಉಳಿದಿದ್ದರೆ ಅದರ ಆಯುಸ್ಸು ಅಲ್ಲಿಗೇ ಮುಗಿಯುತ್ತಿತ್ತು. ಇಸ್ತಾಂಬುಲಿನ ತೋಪ್‌ಕಪಿ ಅರಮನೆಯಲ್ಲಿ ರಂಜಾನಿನ ಹದಿನೈದನೆಯ ದಿನ ಜಾನಿಸರಿ ಸೈನಿಕರಿಗೆ ಬಕ್ಲಾವ ತಟ್ಟೆಗಳನ್ನು ಮೆರವಣಿಗೆಯಲ್ಲಿ ಹಂಚುತ್ತಿದ್ದರು. ಆ ಸೈನಿಕರಲ್ಲಿ ಬಹಳ ಮಂದಿ ಬಾಲ್ಕನ್ನಿನ ಕ್ರೈಸ್ತ ಹಳ್ಳಿಗಳಿಂದ ಬಾಲ್ಯದಲ್ಲೇ ಒಯ್ಯಲ್ಪಟ್ಟವರು. 1826ರಲ್ಲಿ ಜಾನಿಸರಿ ಪಡೆಯೇ ರದ್ದಾಯಿತು. ಮೆರವಣಿಗೆ ನಿಂತಿತು. ಆದರೆ ಪದರದ ತಿಂಡಿ ಆ ಹೊತ್ತಿಗೆ ಬಾಲ್ಕನ್ನಿನ ಪ್ರತಿ ಹಳ್ಳಿಯ ಒಲೆಗೂ ಇಳಿದಿತ್ತು.

ಬಲ್ಗೇರಿಯದ ಹಳ್ಳಿಯ ಹೆಂಗಸರು ಕಣಕವನ್ನು ಸಣ್ಣನೆಯ ಉದ್ದ ಕೋಲಿನಿಂದ ಲಟ್ಟಿಸಿ, ಮೇಜಿನ ತುಂಬ ಹರಡುವ ಹಾಳೆಯಾಗಿ ಹಿಗ್ಗಿಸುತ್ತಿದ್ದರು. ಒಲೆಯ ಮೇಲೆ ತಟ್ಟೆಯಿಟ್ಟು, ಗುಮ್ಮಟದಂಥ ಮುಚ್ಚಳ ಕವುಚಿ, ಅದರ ಮೇಲೆ ಕೆಂಡ ಹಾಕುತ್ತಿದ್ದರು. ಹೂರಣ ನಿರ್ಧಾರವಾಗುತ್ತಿದ್ದುದು ಋತುವಿನಿಂದ ಮತ್ತು ಧರ್ಮದಿಂದ. ಆರ್ಥೊಡಾಕ್ಸ್ ಕ್ರೈಸ್ತರ ಪಂಚಾಂಗದಲ್ಲಿ ಉಪವಾಸದ ದಿನಗಳು ಬಹಳ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮೂರೂ ನಿಷಿದ್ಧ. ಕ್ರಿಸ್‌ಮಸ್ ಹಿಂದಿನ ರಾತ್ರಿಯೂ ಉಪವಾಸವೇ. ಹಾಗಾಗಿ ಆ ರಾತ್ರಿಯ ಊಟಕ್ಕೆ ಗಿಣ್ಣಿನ ಬದಲು ತುರಿದ ಸಿಹಿಗುಂಬಳ, ಅಕ್ರೋಟು, ಸಕ್ಕರೆ, ದಾಲ್ಚಿನ್ನಿ ತುಂಬಿದ ತಿಕ್ವೆನಿಕ್ ಹುಟ್ಟಿತು. ವಸಂತದಲ್ಲಿ ಪಾಲಕ್, ಹುಳಿಸೊಪ್ಪು. ಚಳಿಗಾಲದಲ್ಲಿ ಈರುಳ್ಳಿಯ ಜಾತಿಯ ಲೀಕ್ ಅಥವಾ ಕೋಸು ತುಂಬಿದ ಝೆಲ್ನಿಕ್. ಹೊಸ ವರ್ಷದ ಬಾನಿತ್ಸದೊಳಗೆ ಮೊಗ್ಗು ತುಂಬಿದ ಕಡ್ಡಿಚೂರುಗಳನ್ನೂ ಒಂದು ನಾಣ್ಯವನ್ನೂ ಅಡಗಿಸಿಡುತ್ತಾರೆ. ಯಾರ ತುಂಡಿನಲ್ಲಿ ಏನು ಸಿಕ್ಕಿತೋ ಅದು ಅವರ ವರ್ಷದ ಭಾಗ್ಯ: ಆರೋಗ್ಯ, ಮದುವೆ, ದನಕರು, ಬೆಳೆ.

ನೆರೆಯ ನಾಡುಗಳೂ ತಮ್ಮ ತಮ್ಮ ರೂಪ ಕಂಡುಕೊಂಡವು. ಬೋಸ್ನಿಯದಲ್ಲಿ ಮಾಂಸ ತುಂಬಿದ್ದು ಮಾತ್ರ ಬುರೆಕ್. ಗಿಣ್ಣು, ಸೊಪ್ಪು, ಆಲೂಗಡ್ಡೆ ತುಂಬಿದವುಗಳಿಗೆ ಬೇರೆ ಬೇರೆ ಹೆಸರುಗಳಿವೆ, ಆ ಭೇದವನ್ನು ಅಲ್ಲಿನವರು ಬಿಟ್ಟುಕೊಡುವುದಿಲ್ಲ. ಸರ್ಬಿಯದ ಗಿಬಾನಿತ್ಸ, ಗ್ರೀಸಿನ ಪಾಲಕ್ ಮತ್ತು ಗಿಣ್ಣಿನ ಸ್ಪನಕೊಪಿತ, ಅಲ್ಬೇನಿಯದ ಬ್ಯುರೆಕ್, ಎಲ್ಲವೂ ಒಂದೇ ಕುಟುಂಬದವು. 1492ರಲ್ಲಿ ಸ್ಪೇನಿನಿಂದ ಹೊರಹಾಕಲ್ಪಟ್ಟು ಆಟೊಮನ್ ನಾಡಿನಲ್ಲಿ ಆಶ್ರಯ ಪಡೆದ ಯಹೂದಿಗಳು ಮಾಂಸ ಮತ್ತು ಹಾಲನ್ನು ಬೆರೆಸಬಾರದೆಂಬ ತಮ್ಮ ನಿಯಮಕ್ಕೆ ತಕ್ಕಂತೆ ಇದನ್ನು ಬೋರೆಕಾಸ್ ಆಗಿಸಿಕೊಂಡರು. 1948ರ ನಂತರ ಬಲ್ಗೇರಿಯದ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದಾಗ ಅದು ಅವರೊಂದಿಗೆ ಅಲ್ಲಿಗೂ ಹೋಯಿತು.

ದಖ್ಖನದಲ್ಲೂ ಇದೇ ನಿಯಮ ಕೆಲಸ ಮಾಡಿತು. ಇಲ್ಲಿ ಹಾಲನ್ನು ಒಡೆದು ಗಿಣ್ಣು ಮಾಡುವ ರೂಢಿ ಬಲವಾಗಿರಲಿಲ್ಲ. ಹೆಪ್ಪು ಹಾಕಿ, ಮೊಸರು ಕಡೆದು, ಬೆಣ್ಣೆ ಕಾಸಿ ತುಪ್ಪ ಮಾಡುವುದು ಇಲ್ಲಿಯ ಕ್ರಮ. ಮನೆಗಳಲ್ಲಿ ಸುಡುವ ಗೂಡೊಲೆ ಇರಲಿಲ್ಲ. ಇದ್ದದ್ದು ಒಲೆ ಮತ್ತು ಬಾಣಲೆ. ಹಾಗಾಗಿ ಅಲ್ಲಿ ಸುಟ್ಟದ್ದು ಇಲ್ಲಿ ಕರಿದದ್ದಾಯಿತು. ಬಾಣಲೆಯ ಎಣ್ಣೆಯಲ್ಲಿ ದೊಡ್ಡ ಸುರುಳಿ ಬೇಯುವುದಿಲ್ಲ. ತಿಂಡಿ ಕೈಯಗಲಕ್ಕೆ ಇಳಿಯಿತು. ಹೈದರಾಬಾದಿನ ಲುಖ್ಮಿ ಈ ಕವಲಿನ ಅಂದವಾದ ಫಲ. ಮೈದಾಹಿಟ್ಟಿಗೆ ತುಪ್ಪ, ಮೊಸರು, ಉಪ್ಪು ಕಲಸಿ, ಮಡಚಿ ಮಡಚಿ ಲಟ್ಟಿಸಿ, ಖೀಮಾ ತುಂಬಿ ಚೌಕವಾಗಿ ಕತ್ತರಿಸಿ ಕರಿಯುತ್ತಾರೆ. ಮೂರು ಮೂಲೆಯ ಸಮೋಸಕ್ಕೆ ಆಲೂಗಡ್ಡೆಯ ರಾಶಿ ಬೇಕು. ಲುಖ್ಮಿಗೆ ತೆಳುವಾದ ಒಂದು ಪದರ ಖೀಮಾ ಸಾಕು, ಸ್ವಾದವಿರುವುದು ಹಿಟ್ಟಿನ ಮಡಿಕೆಯಲ್ಲೇ. ನಿಜಾಮರ ಕಾಲದ ಔತಣಗಳಿಂದ ಇಂದಿನ ಮದುವೆಗಳವರೆಗೆ ಊಟದ ಮೊದಲ ತಟ್ಟೆಯಲ್ಲಿ ಕಬಾಬಿನ ಜೊತೆ ಅದು ಬರುತ್ತದೆ.

ಮಾಂಸ ತಿನ್ನದವರ ಮನೆಗಳು ಬೇರೆ ಹಾದಿ ಹಿಡಿದವು. ಕಡಲೆಬೇಳೆ ಬೆಲ್ಲದ ಹೂರಣ ಕರಿಗಡಬಿನಲ್ಲಿ, ಕೊಬ್ಬರಿ ಸಕ್ಕರೆ ಗಸಗಸೆ ಕರ್ಜಿಕಾಯಿಯಲ್ಲಿ, ತುಪ್ಪ ಸವರಿದ ಪದರಗಳು ಚಿರೋಟಿಯಲ್ಲಿ. ಇದಕ್ಕಿಂತ ಗಾಢವಾದ ಸಾಮ್ಯ ಋತುವಿನದು. ಬೀದರ್, ಕಲಬುರಗಿ ಸೀಮೆಯ ರೈತರು ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಕಡಬು, ಹೋಳಿಗೆ, ಭಜ್ಜಿ, ಅಂಬಲಿಯೊಂದಿಗೆ ಭೂಮಿಗೆ ಚರಗ ಚೆಲ್ಲಿ ಬೆಳೆ ಬರಲೆಂದು ಬೇಡುತ್ತಾರೆ. ಆ ಅಮಾವಾಸ್ಯೆ ಬರುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ಬಲ್ಗೇರಿಯದ ಮನೆಯವರು ತಿಕ್ವೆನಿಕ್ ಹಂಚಿಕೊಂಡು, ಬಾನಿತ್ಸದ ಕಡ್ಡಿಯಲ್ಲಿ ವರ್ಷದ ಬೆಳೆಯ ಶಕುನ ನೋಡುವುದೂ ಅದೇ ವಾರಗಳಲ್ಲಿ. ಇದನ್ನು ಯಾರೂ ಯಾರಿಂದಲೂ ಕಲಿತದ್ದಲ್ಲ. ಎರಡು ಕಡೆಯ ಒಕ್ಕಲು ಬದುಕು ಒಂದೇ ಆಸೆಯನ್ನು ಹಿಟ್ಟಿನೊಳಗಿಟ್ಟು ಮಡಚಿತು.

ಈ ಎರಡು ಲೋಕಗಳನ್ನು ತನ್ನ ಹೊಟ್ಟೆಯಲ್ಲೇ ಅಳೆದು ನೋಡಿದವನೊಬ್ಬನಿದ್ದಾನೆ. ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಸುಮಾರು 1470ರಲ್ಲಿ ಬೀದರಿನಲ್ಲಿ ತಂಗಿದ್ದ. ಅವನೂ ಬಲ್ಗೇರಿಯದವರಂತೆ ಆರ್ಥೊಡಾಕ್ಸ್ ಕ್ರೈಸ್ತ. ದಾರಿಯಲ್ಲಿ ಪುಸ್ತಕಗಳನ್ನು ಕಳೆದುಕೊಂಡಿದ್ದರಿಂದ ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂಬ ಲೆಕ್ಕವೇ ಅವನಿಗೆ ತಪ್ಪಿತು. ಕೊನೆಗೆ ಇಲ್ಲಿಯ ಮುಸ್ಲಿಮರ ಉಪವಾಸದ ತಿಂಗಳಲ್ಲೇ ತಾನೂ ಮಾಂಸ, ಹಾಲು ಬಿಟ್ಟು ರೊಟ್ಟಿ ನೀರಿನಲ್ಲಿ ದಿನ ಕಳೆದ. ಪರನಾಡಿನಲ್ಲಿ ತನ್ನವರ ಪಂಚಾಂಗ ಕಳೆದುಕೊಂಡ ಆ ಮನುಷ್ಯನ ಸಂಕಟ ಅವನ ಬರಹದಲ್ಲಿ ಇಂದಿಗೂ ಮನ ಕಲಕುತ್ತದೆ. ಹಬ್ಬದ ತಿಂಡಿಯೆಂದರೆ ದಿನಗಳಿಗೆ ಅರ್ಥ ಕೊಡುವ ವಸ್ತು ಎಂಬುದು ಅದನ್ನು ಓದಿದವರಿಗೆ ಅರಿವಾಗುತ್ತದೆ.

ಇಸ್ತಾಂಬುಲಿನ ಮಗಳು, ಹೈದರಾಬಾದಿನ ಸೊಸೆ

ಬೇರೆಯಾದ ಎರಡು ದಾರಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಮ್ಮೆ ಮುಖಾಮುಖಿಯಾದವು. 1924ರ ಮಾರ್ಚ್ 3ರಂದು ತುರ್ಕಿಯ ಹೊಸ ಗಣರಾಜ್ಯ ಖಲೀಫ ಪದವಿಯನ್ನೇ ರದ್ದುಮಾಡಿತು. ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದರನ್ನು ಕುಟುಂಬದೊಂದಿಗೆ ಅರಮನೆಯಿಂದ ಹೊರಡಿಸಿ, ಇಸ್ತಾಂಬುಲಿನ ಹೊರಗಿನ ಚತಾಲ್ಜಾ ನಿಲ್ದಾಣದಲ್ಲಿ ಯುರೋಪಿನ ರೈಲು ಹತ್ತಿಸಿದರು. ಅವರ ಮಗಳು ದುರ್ರುಶೆಹ್ವಾರಳಿಗೆ ಆಗ ಹತ್ತು ವರ್ಷ. ಇಸ್ತಾಂಬುಲಿನಿಂದ ಪಶ್ಚಿಮಕ್ಕೆ ಹೋಗುವ ಆ ಹಳಿ ಬಲ್ಗೇರಿಯದ ಬಯಲನ್ನು ಸೀಳಿಕೊಂಡು ಸೋಫಿಯಾ ಮೂಲಕ ಹಾಯುತ್ತದೆ. ಅವಳ ಪೂರ್ವಜರು ಸುಮಾರು ಐದು ಶತಮಾನ ಆಳಿದ ನೆಲ ಅದು. ಈಗ ಅದನ್ನು ದಾಟುತ್ತಿದ್ದದ್ದು ನಾಡಿಲ್ಲದ ಒಂದು ಕುಟುಂಬ.

ಫ್ರಾನ್ಸಿನ ನೀಸ್ ನಗರದಲ್ಲಿ ನೆಲೆಸಿದ ಅವರಿಗೆ ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಮಾಸಾಶನ ಕಳುಹಿಸತೊಡಗಿದರು. ಮೌಲಾನಾ ಶೌಕತ್ ಅಲಿಯವರ ಮಧ್ಯಸ್ಥಿಕೆಯಲ್ಲಿ ಸಂಬಂಧವೂ ಕುದುರಿತು. 1931ರ ನವೆಂಬರ್ 12ರಂದು ನೀಸಿನಲ್ಲಿ ದುರ್ರುಶೆಹ್ವಾರ್ ನಿಜಾಮರ ಹಿರಿಯ ಮಗ ಆಜಂ ಜಾಹನನ್ನೂ, ಅದೇ ಮನೆತನದ ನಿಲೂಫರ್ ಎರಡನೆಯ ಮಗ ಮುಅಜ್ಜಂ ಜಾಹನನ್ನೂ ವರಿಸಿದರು. ಅಂದು ಹೈದರಾಬಾದ್ ಸಂಸ್ಥಾನದೊಳಗೆ ತೆಲಂಗಾಣ, ಮರಾಠವಾಡಗಳ ಜೊತೆ ಬೀದರ್, ಕಲಬುರಗಿ, ರಾಯಚೂರು ಎಂಬ ಕನ್ನಡ ಜಿಲ್ಲೆಗಳೂ ಇದ್ದವು. ಆದ್ದರಿಂದ ಆಟೊಮನ್ ರಾಜಕುಮಾರಿಯರು ಕಾಲಿಟ್ಟ ಮನೆ ಕನ್ನಡಿಗರನ್ನೂ ಆಳುವ ಮನೆಯಾಗಿತ್ತು.

ಬುರೆಕ್‌ನ ತುರ್ಕಿ ರೂಪವಾದ ಬ್ಯೂರೆಕ್ ತಿಂದು ಬೆಳೆದವರು ಲುಖ್ಮಿ ಬಡಿಸುವ ಊರಿಗೆ ಬಂದರು. ಒಂದೇ ಬೇರಿನ ಈ ಎರಡು ತಿಂಡಿಗಳಲ್ಲಿ ಯಾವುದೂ ಇನ್ನೊಂದರ ಜಾಗ ಕಸಿಯಲಿಲ್ಲ. ಆರು ಶತಮಾನ ಈ ನೆಲದಲ್ಲಿ ಬೇರೂರಿದ ರುಚಿಯನ್ನು ಬದಲಿಸುವುದು ಒಂದು ರಾಜವಿವಾಹದಿಂದ ಆಗುವ ಕೆಲಸವಲ್ಲ. ಆ ಹೆಣ್ಣುಮಕ್ಕಳ ಹೆಸರು ಉಳಿದದ್ದು ಬೇರೆಯದರಲ್ಲಿ: ಹಳೇ ನಗರದ ದುರ್ರು ಶೆಹ್ವಾರ್ ಆಸ್ಪತ್ರೆಯಲ್ಲಿ, ತಾಯಿಮಕ್ಕಳಿಗಾಗಿ ಕಟ್ಟಿದ ನಿಲೂಫರ್ ಆಸ್ಪತ್ರೆಯಲ್ಲಿ. ತವರಿನ ಸಾಮ್ರಾಜ್ಯವೂ ಮಾವನ ಸಂಸ್ಥಾನವೂ ಅವರ ಕಣ್ಣೆದುರೇ ಕರಗಿದವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಸಂಸ್ಥಾನ ಭಾಷೆಯ ಗೆರೆಯಲ್ಲಿ ಮೂರು ಭಾಗವಾಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಗಡಿ ಬಂದರೂ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಸುತ್ತ ಕನ್ನಡದ ಬದುಕು ಹೈದರಾಬಾದಿನಲ್ಲಿ ಮುಂದುವರಿಯಿತು.

ಉಪ್ಪಲ್ಲಿನ ತನಕ

ಅರಮನೆಯಿಂದ ಬೀದಿಗೆ ತಿಂಡಿಯನ್ನು ತಂದವರು ವಲಸಿಗರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇರಾನಿನ ಯಜ್ದ್, ಕೆರ್ಮಾನ್ ಕಡೆಯವರು ಮುಂಬಯಿ, ಪುಣೆಗಳ ಮೂಲಕ ಹೈದರಾಬಾದಿಗೂ ಬಂದು ಚಹಾ ಹೋಟೆಲು ತೆರೆದರು. ಗಟ್ಟಿ ಹಾಲಿನ ಚಹಾ, ಉಸ್ಮಾನಿಯಾ ಬಿಸ್ಕತ್ತುಗಳ ಜೊತೆ ಪುಟ್ಟ ಸಮೋಸ ಬೀದಿಯ ಹಸಿವಿಗೆ ಒದಗಿತು. ವಿಭಜನೆಯ ನಂತರ ಸಿಂಧಿನಿಂದ ಬಂದ ಖಾನ್‌ಚಂದ್ ರಾಮ್ನಾನಿ 1953ರಲ್ಲಿ ಮುಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ಕರಾಚಿ ಬೇಕರಿ ಆರಂಭಿಸಿದರು. ನಿಲೂಫರಳ ಗಂಡನ ಹೆಸರು ಹೊತ್ತ ಮಾರುಕಟ್ಟೆ ಅದು. ಬ್ರಿಟಿಷರ ದಂಡಿನ ಊರುಗಳಿಂದ ಬೆಣ್ಣೆ ಪದರದ ಪಫ್ ಬಂದು ಇದಕ್ಕೆ ಸೇರಿಕೊಂಡಿತು. ಹಾಸನದ ಕಡೆಯ ಕುಟುಂಬಗಳು ಕಟ್ಟಿ ಬೆಳೆಸಿದ ಅಯ್ಯಂಗಾರ್ ಬೇಕರಿಗಳು ತರಕಾರಿ ಪಲ್ಯ ತುಂಬಿದ ಪಫ್ ಮತ್ತು ಕೊಬ್ಬರಿ ತುಂಬಿದ ದಿಲ್‌ಪಸಂದನ್ನು ಕರ್ನಾಟಕದಾಚೆಗೂ ಒಯ್ದು ಹೈದರಾಬಾದಿನ ಬಡಾವಣೆಗಳಿಗೆ ತಲುಪಿಸಿದವು.

ಉಪ್ಪಲ್ ಈ ಎಲ್ಲ ಹರಿವುಗಳನ್ನು ತನ್ನೊಳಗೆ ಬಿಟ್ಟುಕೊಂಡ ಊರು. ಮೂಸಿ ನದಿಯ ಉತ್ತರಕ್ಕೆ, ನಗರದ ಪೂರ್ವದ ಅಂಚಿನಲ್ಲಿದ್ದ ಈ ಹಳ್ಳಿಯ ಹಾದಿಯಲ್ಲಿ ಮೊದಲು ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಆಮೇಲೆ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, 1961ರಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅದರ ನಂತರ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ ಬಂದವು. ಕಾರ್ಖಾನೆಗಳು ಬಂದವು. 2005ರ ನವೆಂಬರಿನಲ್ಲಿ ಇಲ್ಲಿಯ ಕ್ರಿಕೆಟ್ ಅಂಗಳದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. 2007ರಲ್ಲಿ ಪುರಸಭೆ ಮಹಾನಗರದಲ್ಲಿ ವಿಲೀನವಾಯಿತು. 2017ರ ನವೆಂಬರ್ 29ರಿಂದ ಮೆಟ್ರೊ ಓಡತೊಡಗಿತು. ಅರಮನೆಯ ನೆರಳು ಬೀಳದ ಊರು ಇದು, ದುಡಿಯುವವರ ಊರು. ಇಂಥ ಕಡೆಗೆ ಬಂದು ತಲುಪಿದಾಗಲೇ ಒಂದು ಆಸ್ಥಾನದ ಅಡುಗೆ ಪೂರ್ತಿ ಜನರದಾಯಿತು ಎನ್ನಬೇಕು.

ಇಲ್ಲಿಯ ಈರುಳ್ಳಿ ಸಮೋಸದ ಕಟ್ಟಣೆಯನ್ನು ಗಮನವಿಟ್ಟು ನೋಡಿದರೆ ಹಳೆಯ ನಂಟು ಕಾಣುತ್ತದೆ. ತೆಳ್ಳಗೆ ಲಟ್ಟಿಸಿದ ಮೈದಾ ರೊಟ್ಟಿಗಳ ನಡುವೆ ಎಣ್ಣೆ ಸವರಿ ಒಂದರ ಮೇಲೊಂದಿಟ್ಟು, ಹಂಚಿನ ಮೇಲೆ ಅರೆಬರೆ ಬೇಯಿಸಿ, ಬಿಸಿಯಿರುವಾಗಲೇ ಹಾಳೆಹಾಳೆಯಾಗಿ ಬಿಡಿಸುತ್ತಾರೆ. ಪಟ್ಟಿಗಳಾಗಿ ಕತ್ತರಿಸಿ, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನೀರು ಹೀರಲೆಂದು ಒಂದಿಷ್ಟು ಅವಲಕ್ಕಿ ತುಂಬಿ, ತ್ರಿಕೋನವಾಗಿ ಮಡಚಿ, ಮೈದಾ ಅಂಟಿನಿಂದ ಮುಚ್ಚುತ್ತಾರೆ. ಹಂಚಿನ ಮೇಲೆ ತೆಳು ಹಾಳೆ ಬೇಯಿಸಿ ಪದರವಾಗಿ ಮಡಚುವುದು ಕಾಶ್ಗರಿ ದಾಖಲಿಸಿದ ಅಲೆಮಾರಿಗಳ ವಿದ್ಯೆ. ಬಾನಿತ್ಸದ ಹಾಳೆಗೂ ಅದೇ ಮೂಲ. ಒಳಗಿರುವ ಹಸಿಮೆಣಸು ಅಮೆರಿಕ ಖಂಡದಿಂದ ಬಂದದ್ದು, ತಿಕ್ವೆನಿಕ್ಕಿನ ಸಿಹಿಗುಂಬಳವೂ ಅಲ್ಲಿಂದಲೇ ಬಂದದ್ದು. ಮಾಂಸದ ಬದಲು ಈರುಳ್ಳಿ ಬಂದಿದ್ದರಿಂದ ಅದು ಅಗ್ಗವಾಯಿತು, ಎಲ್ಲ ಜಾತಿಯ, ಎಲ್ಲ ಧರ್ಮದ ಕೈಗೂ ನಿಲುಕಿತು. ಗಿಣ್ಣಿನ ಬದಲು ಕುಂಬಳ ತುಂಬಿ ಉಪವಾಸದ ರಾತ್ರಿಯನ್ನೂ ಸಿಹಿ ಮಾಡಿಕೊಂಡ ಬಲ್ಗೇರಿಯದ ಹೆಂಗಸು ಮಾಡಿದ್ದೂ ಇದನ್ನೇ.

ಈ ಚರಿತ್ರೆಯನ್ನು ಇಂದು ಹೇಳಬೇಕಾದ ಕಾರಣವಿದೆ. ಬಾಲ್ಕನ್ನಿನಲ್ಲಿ ಬುರೆಕ್ ಯಾರದು, ಪದರದ ತಿಂಡಿ ಗ್ರೀಕರದೋ ತುರ್ಕರದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲೂ ಯಾವುದು ನಮ್ಮದು, ಯಾವುದು ಹೊರಗಿನದು ಎಂದು ತಟ್ಟೆಯನ್ನು ಭಾಗ ಮಾಡುವ ಮಾತುಗಳು ಏಳುತ್ತಲೇ ಇರುತ್ತವೆ. ಕಲ್ಯಾಣದ ಮಂಡಕ, ತುರ್ಕರ ಮಡಿಕೆ, ಇರಾನಿಯ ಚಹಾ ಅಂಗಡಿ, ಹಾಸನದ ಬೇಕರಿ, ಅಮೆರಿಕದ ಮೆಣಸು ಎಲ್ಲವೂ ಕೂಡಿದ ಮೇಲೆ ಇಂಥ ಪ್ರಶ್ನೆಗೆ ಒಂದೇ ಉತ್ತರ ಉಳಿಯುತ್ತದೆ. ತಿಂಡಿ ಹುಟ್ಟಿದ ಊರಿನದಷ್ಟೇ ಅಲ್ಲ, ಅದನ್ನು ತಮ್ಮ ಹಬ್ಬಕ್ಕೂ ಹಸಿವಿಗೂ ಒಗ್ಗಿಸಿಕೊಂಡು ಮಕ್ಕಳಿಗೆ ಕಲಿಸಿದ ಪ್ರತಿಯೊಬ್ಬರದು. ಅರಸರ ಹೆಸರುಗಳನ್ನು ಶಾಸನಗಳು ಕಾಯುತ್ತವೆ. ಲುಖ್ಮಿಗೆ, ಕರಿಗಡಬಿಗೆ, ಬಾನಿತ್ಸಕ್ಕೆ ಅಂಥ ಕಾವಲಿಲ್ಲ. ಮಾಡುವವರ ಕೈ ನಿಂತರೆ ಅವೂ ನಿಲ್ಲುತ್ತವೆ. ಮನೆಯ ಹಿರಿಯರಿಂದ ಹದ ಕೇಳಿ ತಿಳಿದುಕೊಂಡು, ಬರೆದಿಟ್ಟು, ಮಾಡಿ ಬಡಿಸುವುದು ಚರಿತ್ರೆಯನ್ನು ಓದುವಷ್ಟೇ ಗೌರವದ ಕೆಲಸ. ಬೀದರಿನ ಹೊಲದಲ್ಲಿ, ಉಪ್ಪಲ್ಲಿನ ಬೀದಿಯಲ್ಲಿ, ಬಲ್ಗೇರಿಯದ ಹಳ್ಳಿಯಲ್ಲಿ ಈ ಕೆಲಸ ಮಾಡುತ್ತ ಬಂದವರೇ ಈ ಚರಿತ್ರೆಯ ನಿಜವಾದ ಕರ್ತೃಗಳು.